‘ಕ್ಯಾನ್ಸರ್ ಕೋಶ ತಾನಾಗಿಯೇ ಸಾಯುತ್ತದೆ’ ಎನ್ನುವ ಫಾರ್ವರ್ಡ್‌ಗಳು: ಕೋಶದ ಸಾವಿನ ಬಗ್ಗೆ ವಿಜ್ಞಾನ ಹೇಳುವುದೇನು?

‘ಬಿಸಿ ತೆಂಗಿನ ನೀರು ಕುಡಿದರೆ ಕ್ಯಾನ್ಸರ್ ಕೋಶಗಳು ಸಾಯುತ್ತವೆ.’ ‘ಲಕ್ಷ್ಮಣ ಫಲ ಕೀಮೋಥೆರಪಿಗಿಂತ 10,000 ಪಟ್ಟು ಶಕ್ತಿಶಾಲಿ.’ ‘ಉಪವಾಸ ಮಾಡಿದರೆ ದೇಹ ತನ್ನ ಕ್ಯಾನ್ಸರ್ ಕೋಶಗಳನ್ನು ತಾನೇ ತಿಂದುಹಾಕುತ್ತದೆ, ಇದನ್ನು ಕಂಡುಹಿಡಿದವರಿಗೆ ನೊಬೆಲ್ ಬಂದಿದೆ.’

ಈ ಮೂರರಲ್ಲಿ ಒಂದಾದರೂ ನಿಮ್ಮ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದಿರುತ್ತದೆ. ‘ಇದೆಲ್ಲ ಸುಳ್ಳು’ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಕಳಿಸಿದವರು ಒಪ್ಪುವುದಿಲ್ಲ. ಯಾಕೆಂದರೆ ಇವುಗಳ ಒಳಗೆ ನಿಜದ ಒಂದು ಎಳೆ ಇದೆ. ನಮ್ಮ ಜೀವಕೋಶಗಳಿಗೆ ತಾವಾಗಿಯೇ ಸಾಯುವ ಶಕ್ತಿ ನಿಜವಾಗಿಯೂ ಇದೆ. ಆ ಶಕ್ತಿ ಕೈಕೊಡುವುದು ಕ್ಯಾನ್ಸರ್ ಬೆಳೆಯಲು ಒಂದು ಮುಖ್ಯ ಕಾರಣ ಎಂಬುದೂ ನಿಜ. ಆ ಎಳೆ ಎಲ್ಲಿಯವರೆಗೆ ನಿಜ, ಎಲ್ಲಿಂದ ಸುಳ್ಳಾಗುತ್ತದೆ ಎಂಬುದನ್ನು ನೋಡೋಣ.

ಚುಟುಕಾಗಿ ಹೇಳುವುದಾದರೆ

• ಆರೋಗ್ಯವಂತ ದೇಹದಲ್ಲಿ ಪ್ರತಿದಿನ ಸಾವಿರಾರು ಕೋಟಿ ಕೋಶಗಳು ತಾವಾಗಿಯೇ ಸಾಯುತ್ತವೆ. ಇದು ರೋಗವಲ್ಲ, ದೇಹದ ದಿನನಿತ್ಯದ ಕೆಲಸ.
• ಕೆಟ್ಟ ಕೋಶ ಸಾಯಲು ಒಪ್ಪದೆ ಉಳಿದುಕೊಂಡಾಗ ಕ್ಯಾನ್ಸರ್‌ಗೆ ದಾರಿಯಾಗುತ್ತದೆ.
• ಕ್ಯಾನ್ಸರ್ ಕೋಶವನ್ನು ತಾನಾಗಿಯೇ ಸಾಯುವಂತೆ ಮಾಡುವ ಔಷಧಿಗಳಿವೆ. ಅವನ್ನು ರಕ್ತಪರೀಕ್ಷೆ ಮಾಡುತ್ತಾ, ವೈದ್ಯರ ಕಣ್ಗಾವಲಿನಲ್ಲೇ ಕೊಡಬೇಕು.
• ಗಾಜಿನ ತಟ್ಟೆಯಲ್ಲಿ ಕೋಶ ಸತ್ತಿತು ಎಂದರೆ ಮನುಷ್ಯನ ಕ್ಯಾನ್ಸರ್ ವಾಸಿಯಾಯಿತು ಎಂದಲ್ಲ.

ಕೋಶ ತಾನಾಗಿಯೇ ಸಾಯುವುದು ಎಂದರೇನು?

ನಿಮ್ಮ ಕೈಬೆರಳುಗಳನ್ನು ಒಮ್ಮೆ ನೋಡಿಕೊಳ್ಳಿ. ತಾಯಿಯ ಹೊಟ್ಟೆಯಲ್ಲಿದ್ದಾಗ ಆ ಕೈ ಮೊದಲು ಚಪ್ಪಟೆ ಹಲಗೆಯಂತಿತ್ತು. ಬೆರಳುಗಳ ನಡುವೆ ಬಾತುಕೋಳಿಯ ಪಾದದಲ್ಲಿರುವಂತೆ ಚರ್ಮದ ಪೊರೆ ಇತ್ತು. ಆ ಪೊರೆಯ ಕೋಶಗಳು ಸರಿಯಾದ ಸಮಯಕ್ಕೆ ಸತ್ತು ಜಾಗ ಖಾಲಿ ಮಾಡಿದ್ದರಿಂದ ಬೆರಳುಗಳು ಬಿಡಿಬಿಡಿಯಾದವು. ಮನೆಗೆ ಆರ್‌ಸಿಸಿ ಹಾಕಿದ ಮೇಲೆ ಸೆಂಟ್ರಿಂಗ್ ಹಲಗೆಗಳನ್ನು ತೆಗೆಯುವುದಿಲ್ಲವೇ? ಹಾಗೆಯೇ ಇದು. ಕಪ್ಪೆಯಾಗುವ ಹೊತ್ತಿಗೆ ಗೊದಮೊಟ್ಟೆಯ ಬಾಲ ಮಾಯವಾಗುವುದೂ ಇದೇ ರೀತಿ.

ಈ ಕ್ರಮಬದ್ಧ ಸಾವಿಗೆ ‘ಅಪೊಪ್ಟೋಸಿಸ್’ ಎಂದು ಹೆಸರು. 1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲೆಸ್ಟೇರ್ ಕರಿ ಎಂಬ ವಿಜ್ಞಾನಿಗಳು ಈ ಪದವನ್ನು ಬಳಕೆಗೆ ತಂದರು. ಮರದಿಂದ ಎಲೆ ಉದುರುವುದಕ್ಕೆ ಗ್ರೀಕ್ ಭಾಷೆಯಲ್ಲಿರುವ ಮಾತು ಅದು. ಹಣ್ಣೆಲೆ ಉದುರಿ ಚಿಗುರಿಗೆ ಜಾಗ ಬಿಟ್ಟಂತೆ ಹಳೆಯ ಕೋಶವೂ ಉದುರುತ್ತದೆ. ಕನ್ನಡದಲ್ಲಿ ಇದನ್ನು ‘ಯೋಜಿತ ಕೋಶಮರಣ’ ಎನ್ನಬಹುದು.

ಸುಟ್ಟಗಾಯವಾದಾಗಲೋ ಪೆಟ್ಟು ಬಿದ್ದಾಗಲೋ ಕೋಶಗಳು ಸಾಯುವ ರೀತಿಯೇ ಬೇರೆ. ಆಗ ಕೋಶ ಉಬ್ಬಿ ಒಡೆಯುತ್ತದೆ, ಒಳಗಿನದೆಲ್ಲ ಸುತ್ತ ಚೆಲ್ಲುತ್ತದೆ, ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಅಪೊಪ್ಟೋಸಿಸ್‌ನಲ್ಲಿ ಇಂಥ ಗಲಾಟೆ ಇರುವುದಿಲ್ಲ. ಕೋಶ ಮುದುಡುತ್ತದೆ, ತನ್ನ ಡಿಎನ್‌ಎಯನ್ನು ತುಂಡು ಮಾಡುತ್ತದೆ, ತನ್ನನ್ನೇ ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟುತ್ತದೆ. ಸುತ್ತಲಿನ ಕೋಶಗಳು ಆ ಪೊಟ್ಟಣಗಳನ್ನು ನುಂಗಿ ಜಾಗ ಚೊಕ್ಕ ಮಾಡುತ್ತವೆ. ಬೆಂಕಿ ಬಿದ್ದ ಮನೆಗೂ ಬಾಡಿಗೆದಾರರು ಗುಡಿಸಿ ಸಾರಿಸಿ ಬೀಗ ಕೊಟ್ಟು ಹೋದ ಮನೆಗೂ ಇರುವ ವ್ಯತ್ಯಾಸ ಇದು.

ಈ ಸಾವು ಎಷ್ಟು ಲೆಕ್ಕಾಚಾರದ್ದು ಎಂಬುದನ್ನು ತೋರಿಸಿಕೊಟ್ಟಿದ್ದು ಮಣ್ಣಿನಲ್ಲಿರುವ, ಸುಮಾರು ಒಂದು ಮಿಲಿಮೀಟರ್ ಉದ್ದದ ಒಂದು ಹುಳು. ಸಿ. ಎಲಿಗನ್ಸ್ ಎಂಬ ಈ ಹುಳುವಿನ ಬೆಳವಣಿಗೆಯಲ್ಲಿ 1,090 ದೇಹಕೋಶಗಳು ಹುಟ್ಟುತ್ತವೆ. ಅವುಗಳಲ್ಲಿ 131 ಕೋಶಗಳು ಸಾಯುತ್ತವೆ, ಕೊನೆಗೆ ಉಳಿಯುವುದು 959. ಪ್ರತಿ ಹುಳುವಿನಲ್ಲೂ ಅದೇ 131 ಕೋಶಗಳೇ ಸಾಯುತ್ತವೆ! ಅಂದರೆ ಯಾವ ಕೋಶ ಸಾಯಬೇಕು ಎಂಬ ಆದೇಶ ಜೀನ್‌ಗಳಲ್ಲೇ ಬರೆದಿದೆ. ಈ ಕೆಲಸಕ್ಕಾಗಿ ಸಿಡ್ನಿ ಬ್ರೆನರ್, ರಾಬರ್ಟ್ ಹಾರ್ವಿಟ್ಜ್ ಮತ್ತು ಜಾನ್ ಸಲ್ಸ್ಟನ್ ಅವರಿಗೆ 2002ರಲ್ಲಿ ನೊಬೆಲ್ ಬಂತು.

ಸಾಯಲು ಆದೇಶ ಕೊಡುವವರು ಯಾರು?

ದಾರಿಗಳು ಎರಡು. ಒಂದು ಹೊರಗಿನದು. ವೈರಸ್ ಹೊಕ್ಕ ಅಥವಾ ಹದಗೆಟ್ಟ ಕೋಶವನ್ನು ರೋಗನಿರೋಧಕ ಕೋಶಗಳು ಗುರುತಿಸಿ ‘ಸಾಯಿ’ ಎಂಬ ಸಂಕೇತ ಕೊಡುತ್ತವೆ. ಇನ್ನೊಂದು ಒಳಗಿನದು. ಕೋಶ ತನ್ನ ಡಿಎನ್‌ಎ ಕೆಟ್ಟಿರುವುದನ್ನು ತಾನೇ ಪತ್ತೆ ಮಾಡಿ, ರಿಪೇರಿ ಆಗದಿದ್ದರೆ ತನ್ನನ್ನು ಮುಗಿಸಿಕೊಳ್ಳುತ್ತದೆ. ಬಿಸಿಲಿಗೆ ಸುಟ್ಟ ಚರ್ಮದಲ್ಲಿ ಹಾಳಾದ ಕೋಶಗಳು ಹೀಗೆಯೇ ಸಾಯುತ್ತವೆ.

ಈ ಒಳದಾರಿಯಲ್ಲಿ ಎರಡು ಹೆಸರುಗಳನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ಮೊದಲನೆಯದು ಪಿ53 ಎಂಬ ಪ್ರೋಟೀನ್. ಇದು ತಪಾಸಣೆ ಅಧಿಕಾರಿ ಇದ್ದಂತೆ. ಡಿಎನ್‌ಎಗೆ ಹಾನಿಯಾದರೆ ಕೋಶ ವಿಭಜನೆಯಾಗುವುದನ್ನು ತಡೆದು ನಿಲ್ಲಿಸುತ್ತದೆ. ಹಾನಿ ಸರಿಹೋಗದಿದ್ದರೆ ಸಾವಿನ ಆದೇಶ ಹೊರಡಿಸುತ್ತದೆ.

ಎರಡನೆಯದು ಬಿಸಿಎಲ್-2. ಇದು ಕಾವಲುಗಾರ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಬಾಗಿಲನ್ನು ಮುಚ್ಚಿ ಹಿಡಿದಿರುತ್ತದೆ. ಆ ಬಾಗಿಲು ತೆರೆದರೆ ಒಳಗಿನ ಸೈಟೊಕ್ರೋಮ್-ಸಿ ಹೊರಬಂದು ‘ಕ್ಯಾಸ್ಪೇಸ್’ ಎಂಬ ಕತ್ತರಿಗಳನ್ನು ಎಬ್ಬಿಸುತ್ತದೆ. ಕತ್ತರಿಗಳು ಕೋಶವನ್ನು ಒಳಗಿನಿಂದ ಕತ್ತರಿಸುತ್ತಾ ಹೋಗುತ್ತವೆ.

ಕ್ಯಾನ್ಸರ್ ಕೋಶ ತಪ್ಪಿಸಿಕೊಳ್ಳುವುದು ಹೇಗೆ?

ಕ್ಯಾನ್ಸರ್ ಎಂದರೆ ಕೋಶಗಳು ವಿಪರೀತ ಹುಟ್ಟುವುದು ಎಂದಷ್ಟೇ ಹೆಚ್ಚಿನವರು ತಿಳಿದಿರುತ್ತಾರೆ. ಸಾಯಬೇಕಾದವು ಸಾಯದಿರುವುದು ಅದರ ಇನ್ನೊಂದು ಮುಖ. ಕೆರೆ ತುಂಬಲು ಹೆಚ್ಚು ಮಳೆಯೇ ಬೇಕೆಂದಿಲ್ಲ, ತೂಬು ಕಟ್ಟಿಕೊಂಡರೂ ಸಾಕು.

ತೂಬು ಕಟ್ಟಿಕೊಳ್ಳುವುದು ಹಲವು ರೀತಿಯಲ್ಲಿ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ಜೀನ್ ಕೆಟ್ಟಿರುತ್ತದೆ. ತಪಾಸಣೆ ಅಧಿಕಾರಿಯೇ ಇಲ್ಲದ ಮೇಲೆ ಹಾಳಾದ ಕೋಶ ವಿಭಜನೆಯಾಗುತ್ತಲೇ ಹೋಗುತ್ತದೆ. ಫಾಲಿಕ್ಯುಲರ್ ಲಿಂಫೋಮಾ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಎರಡು ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ, ಬಿಸಿಎಲ್-2 ಅತಿಯಾಗಿ ತಯಾರಾಗುತ್ತದೆ. ಬಾಗಿಲಿಗೆ ಒಬ್ಬ ಕಾವಲುಗಾರನ ಬದಲು ಹತ್ತು ಜನ ನಿಂತಂತೆ. ಈ ಜೀನ್ ಕೋಶವನ್ನು ಹೆಚ್ಚು ವಿಭಜಿಸುವುದಿಲ್ಲ, ಸಾಯದಂತೆ ತಡೆಯುತ್ತದೆ ಎಂದು 1988ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ವಾಕ್ಸ್, ಸುಸಾನ್ ಕೋರಿ ಮತ್ತು ಜೆರ್ರಿ ಆಡಮ್ಸ್ ತೋರಿಸಿದರು. ಕ್ಯಾನ್ಸರ್ ಬಗ್ಗೆ ಯೋಚಿಸುವ ರೀತಿಯನ್ನೇ ಆ ಮಾತು ಬದಲಿಸಿತು.

ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಈ ಕೆಲಸ ಮಾಡುವುದು ಎಚ್‌ಪಿವಿ ವೈರಸ್. ಅದರ ಇ6 ಎಂಬ ಪ್ರೋಟೀನ್ ಪಿ53 ಅನ್ನು ನಾಶ ಮಾಡಿಸುತ್ತದೆ. ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆ 1951ರಲ್ಲಿ ಇದೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಗಡ್ಡೆಯಿಂದ, ಅವರ ಒಪ್ಪಿಗೆ ಕೇಳದೆ, ತೆಗೆದ ಕೋಶಗಳು ಜಗತ್ತಿನ ಪ್ರಯೋಗಾಲಯಗಳಲ್ಲಿ ಇವತ್ತಿಗೂ ಬೆಳೆಯುತ್ತಿವೆ. ಸಾಯುವುದನ್ನು ಮರೆತ ಕೋಶ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಇದಕ್ಕೆ ತದ್ವಿರುದ್ಧ ಉದಾಹರಣೆ ನಮ್ಮ ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ಓಡಾಡಿಕೊಂಡಿದೆ. ಆನೆಯ ದೇಹದಲ್ಲಿ ನಮಗಿಂತ ಎಷ್ಟೋ ಪಟ್ಟು ಹೆಚ್ಚು ಕೋಶಗಳಿವೆ, ಆಯಸ್ಸೂ ದೀರ್ಘ. ಲೆಕ್ಕದ ಪ್ರಕಾರ ಕ್ಯಾನ್ಸರ್ ಹೆಚ್ಚಿರಬೇಕು, ಆದರೆ ಕಡಿಮೆ. ನಮಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಪಿ53 ಜೀನಿನ ಎರಡು ಪ್ರತಿಗಳಿದ್ದರೆ, ಆನೆಗಳಲ್ಲಿ ಅದರ ಹತ್ತಾರು ಪ್ರತಿಗಳಿವೆ ಎಂದು 2015ರ ಸಂಶೋಧನೆ ತೋರಿಸಿತು. ಡಿಎನ್‌ಎ ಕೆಟ್ಟ ಕೂಡಲೇ ಆನೆಯ ಕೋಶಗಳು ಬೇಗ ಸಾಯುತ್ತವೆ.

ಹಾಗಾದರೆ ಆ ಫಾರ್ವರ್ಡ್‌ಗಳಲ್ಲಿ ತಪ್ಪೇನಿದೆ?

ಒಂದೊಂದಾಗಿ ನೋಡೋಣ.

ಬಿಸಿ ತೆಂಗಿನ ನೀರು: ಈ ಸಂದೇಶ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಅವರ ಹೆಸರಿನಲ್ಲಿ ಹರಿದಾಡಿತು. ಅವರು ಇಂಥ ಮಾತು ಹೇಳಿಲ್ಲ, ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಆಸ್ಪತ್ರೆಯೇ 2019ರಲ್ಲಿ ಸ್ಪಷ್ಟಪಡಿಸಿತು. ಆದರೂ ಸಂದೇಶ ನಿಂತಿಲ್ಲ. ತೆಂಗಿನ ನೀರನ್ನು ಎಷ್ಟೇ ಬಿಸಿ ಮಾಡಿ ಕುಡಿದರೂ ಹೊಟ್ಟೆಗೆ ಹೋದ ಸ್ವಲ್ಪ ಹೊತ್ತಿಗೆ ಅದು ದೇಹದ ಬಿಸಿಗೇ ಇಳಿಯುತ್ತದೆ. ಅದರಲ್ಲಿರುವ ಸಕ್ಕರೆ, ಪೊಟ್ಯಾಸಿಯಂನಂತಹ ಲವಣಗಳು ಬಾಯಾರಿಕೆಗೆ, ದಣಿವಿಗೆ ಒಳ್ಳೆಯವು. ಗಡ್ಡೆಯಲ್ಲಿರುವ ಬಿಸಿಎಲ್-2 ಕಾವಲುಗಾರನನ್ನು ಅವು ಅಲುಗಾಡಿಸುವುದಿಲ್ಲ.

ಲಕ್ಷ್ಮಣ ಫಲ: ‘10,000 ಪಟ್ಟು’ ಎಂಬ ಸಂಖ್ಯೆ ಯಾರೋ ಗಾಳಿಯಲ್ಲಿ ಹುಟ್ಟಿಸಿದ್ದಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 1996ರಲ್ಲಿ ಈ ಹಣ್ಣಿನ ಬೀಜದಿಂದ ಒಂದು ರಾಸಾಯನಿಕವನ್ನು ಬೇರ್ಪಡಿಸಿದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಒಂದು ಬಗೆಯ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಅದು ಅಡ್ರಿಯಾಮೈಸಿನ್ ಎಂಬ ಒಂದು ಕೀಮೋ ಔಷಧಿಗಿಂತ 10,000 ಪಟ್ಟು ತೀಕ್ಷ್ಣವಾಗಿತ್ತು. ಬೀಜದ ಒಂದು ರಾಸಾಯನಿಕ, ಒಂದು ಬಗೆಯ ಕೋಶ, ಒಂದು ಔಷಧಿಯ ಜೊತೆ ಹೋಲಿಕೆ, ಅದೂ ತಟ್ಟೆಯಲ್ಲಿ. ಫಾರ್ವರ್ಡ್ ಆಗುವಾಗ ‘ಬೀಜದ ರಾಸಾಯನಿಕ’ ಹೋಗಿ ‘ಹಣ್ಣು’ ಬಂತು, ‘ತಟ್ಟೆ’ ಹೋಗಿ ‘ಮನುಷ್ಯ’ ಬಂದ. ಇದೇ ಗುಂಪಿನ ರಾಸಾಯನಿಕಗಳು ಮೆದುಳಿನ ನರಕೋಶಗಳನ್ನೂ ಕೊಲ್ಲಬಲ್ಲವು. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಈ ಗಿಡದ ಹಣ್ಣು ಮತ್ತು ಎಲೆಯ ಕಷಾಯವನ್ನು ಹೆಚ್ಚು ಬಳಸುವವರಲ್ಲಿ ಪಾರ್ಕಿನ್ಸನ್ಸ್ ತರಹದ ನಡುಕದ ರೋಗಕ್ಕೂ ಇದಕ್ಕೂ ನಂಟಿರಬಹುದು ಎಂದು 1999ರಲ್ಲೇ ವೈದ್ಯರು ಎಚ್ಚರಿಸಿದ್ದರು. ಅಪರೂಪಕ್ಕೊಮ್ಮೆ ಹಣ್ಣು ತಿನ್ನುವುದು ಬೇರೆ, ದಿನಾ ಎಲೆ ಕುದಿಸಿ ಕುಡಿಯುವುದು ಬೇರೆ.

ಉಪವಾಸ ಮತ್ತು ನೊಬೆಲ್: 2016ರಲ್ಲಿ ಜಪಾನಿನ ಯೊಶಿನೊರಿ ಓಸುಮಿ ಅವರಿಗೆ ನೊಬೆಲ್ ಬಂದಿದ್ದು ನಿಜ. ಬಂದಿದ್ದು ‘ಆಟೊಫೇಜಿ’ ಬಗ್ಗೆ ಯೀಸ್ಟ್‌ನಲ್ಲಿ ಮಾಡಿದ ಕೆಲಸಕ್ಕೆ. ಆಟೊಫೇಜಿ ಎಂದರೆ ಕೋಶ ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ಕರಗಿಸಿ ಮರುಬಳಕೆ ಮಾಡುವುದು. ಆಹಾರವಿಲ್ಲದಾಗ ಕೋಶ ಹೀಗೆ ಮಾಡುವುದು ಬದುಕಿ ಉಳಿಯಲು, ಸಾಯಲು ಅಲ್ಲ. ಈಗಾಗಲೇ ಬೆಳೆದ ಗಡ್ಡೆಗಳಲ್ಲಿ ಕ್ಯಾನ್ಸರ್ ಕೋಶಗಳೂ ಇದೇ ಉಪಾಯದಿಂದ ಬದುಕುಳಿಯಬಲ್ಲವು. ಉಪವಾಸದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಓಸುಮಿ ಅವರ ಸಂಶೋಧನೆ ಹೇಳಿಲ್ಲ. ಚಿಕಿತ್ಸೆಯಲ್ಲಿರುವವರು ಮೊದಲೇ ತೂಕ ಕಳೆದುಕೊಂಡಿರುತ್ತಾರೆ. ಅವರನ್ನು ಉಪವಾಸ ಕೂರಿಸಿದರೆ ಚಿಕಿತ್ಸೆ ತಡೆದುಕೊಳ್ಳುವ ಶಕ್ತಿಯೂ ಹೋಗುತ್ತದೆ.

ತಟ್ಟೆಯಲ್ಲಿ ಸತ್ತರೆ ದೇಹದಲ್ಲಿ ಯಾಕೆ ಸಾಯುವುದಿಲ್ಲ?

ಅರಿಸಿನದ ಕರ್ಕ್ಯುಮಿನ್‌ನಿಂದ ಹಿಡಿದು ಎಷ್ಟೋ ವಸ್ತುಗಳು ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಅಪೊಪ್ಟೋಸಿಸ್‌ಗೆ ತಳ್ಳುತ್ತವೆ. ತಟ್ಟೆಯಲ್ಲಿ ಕೋಶ ಕೊಲ್ಲುವುದು ಕಷ್ಟವಲ್ಲ. ಉಪ್ಪು ಹೆಚ್ಚು ಹಾಕಿದರೂ ಸಾಯುತ್ತವೆ, ಸೋಪಿನ ನೀರು ಸುರಿದರೂ ಸಾಯುತ್ತವೆ. ಔಷಧಿಯಾಗಬೇಕಾದರೆ ಇನ್ನೂ ಮೂರು ಪರೀಕ್ಷೆ ದಾಟಬೇಕು.

ಒಂದು, ಅದು ಗಡ್ಡೆಯವರೆಗೆ ತಲುಪಬೇಕು. ನಾವು ತಿಂದ ಅರಿಸಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ, ಸೇರಿದ್ದನ್ನೂ ದೇಹ ಬೇಗ ಹೊರಹಾಕುತ್ತದೆ. ಎರಡು, ಕ್ಯಾನ್ಸರ್ ಕೋಶವನ್ನು ಕೊಲ್ಲುವ ಪ್ರಮಾಣದಲ್ಲಿ ಯಕೃತ್ತು, ಮೂತ್ರಪಿಂಡ, ಹೃದಯದ ಕೋಶಗಳು ಉಳಿಯಬೇಕು. ಮೂರು, ನೂರಾರು ರೋಗಿಗಳಲ್ಲಿ ಹೋಲಿಸಿ ನೋಡಿದಾಗ ಅದನ್ನು ಪಡೆದವರು ನಿಜವಾಗಿಯೂ ಹೆಚ್ಚು ಕಾಲ ಅಥವಾ ಹೆಚ್ಚು ಚೆನ್ನಾಗಿ ಬದುಕಬೇಕು.

ಗಿಡಮೂಲಿಕೆಗಳಿಗೆ ಈ ಪರೀಕ್ಷೆ ದಾಟಲು ಆಗುವುದೇ ಇಲ್ಲ ಎಂದಲ್ಲ. ನಮ್ಮ ಅಂಗಳಗಳಲ್ಲಿ ಬೆಳೆಯುವ ಕಾಶಿ ಕಣಗಿಲೆ, ಅಂದರೆ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಬಂದಿದೆ. ಮಕ್ಕಳ ರಕ್ತಕ್ಯಾನ್ಸರ್‌ನ ಚಿಕಿತ್ಸೆಯಲ್ಲಿ ಅದು ಇವತ್ತಿಗೂ ಮುಖ್ಯ ಔಷಧಿ. ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ನೇರವಾಗಿ ರಕ್ತನಾಳಕ್ಕೆ ಕೊಡುತ್ತಾರೆ, ಸ್ವಲ್ಪ ಹೆಚ್ಚಾದರೂ ನರಗಳಿಗೆ ಅಪಾಯ. ಹಾಗಾಗಿ ಆ ಗಿಡದ ಎಲೆಯನ್ನು ಮನೆಯಲ್ಲಿ ಅರೆದು ಕುಡಿಯಬೇಡಿ, ಅದು ವಿಷ.

ಕೋಶವನ್ನು ಸಾಯಿಸುವ ನಿಜವಾದ ಔಷಧಿ ಹೇಗಿರುತ್ತದೆ?

ಕೀಮೋಥೆರಪಿ ಮತ್ತು ವಿಕಿರಣ ಚಿಕಿತ್ಸೆ ಬಹುಪಾಲು ಮಾಡುವುದು ಇದನ್ನೇ. ಡಿಎನ್‌ಎಗೆ ಪೆಟ್ಟು ಕೊಟ್ಟು, ಅಥವಾ ವಿಭಜನೆಯನ್ನು ಕೆಡಿಸಿ, ಕ್ಯಾನ್ಸರ್ ಕೋಶ ಸಾಯುವಂತೆ ಮಾಡುತ್ತವೆ. ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪದರದ ಕೋಶಗಳೂ ವೇಗವಾಗಿ ವಿಭಜನೆಯಾಗುವುದರಿಂದ ಅವಕ್ಕೂ ಪೆಟ್ಟು ಬೀಳುತ್ತದೆ. ಕೂದಲು ಉದುರುವುದು, ಬಾಯಿಹುಣ್ಣಾಗುವುದು ಅದಕ್ಕೇ. ‘ಕೀಮೋ ವಿಷ’ ಎಂಬ ಫಾರ್ವರ್ಡ್‌ಗಳು ಹುಟ್ಟುವುದೂ ಇಲ್ಲಿಂದಲೇ. ಆದರೆ ಆ ಕೋಶಗಳು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತವೆ.

ಇದಕ್ಕಿಂತ ನೇರವಾಗಿ ಬಿಸಿಎಲ್-2 ಕಾವಲುಗಾರನನ್ನೇ ಹಿಡಿಯುವ ಔಷಧಿ ವೆನೆಟೊಕ್ಲಾಕ್ಸ್. ಒಂದು ಬಗೆಯ ರಕ್ತಕ್ಯಾನ್ಸರ್‌ಗಾಗಿ 2016ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. 1988ರ ಆ ಪ್ರಯೋಗದಿಂದ ಮಾತ್ರೆಯವರೆಗೆ 28 ವರ್ಷ ಬೇಕಾಯಿತು.

ಈ ಮಾತ್ರೆಯನ್ನು ಕೊಡುವ ರೀತಿ ಗಮನಿಸಿ. ಆ ರೋಗದಲ್ಲಿ ಮೊದಲ ದಿನವೇ ಪೂರ್ತಿ ಡೋಸ್ ಕೊಡುವುದಿಲ್ಲ. 20 ಮಿಲಿಗ್ರಾಂನಿಂದ ಶುರು ಮಾಡಿ ಐದು ವಾರಗಳಲ್ಲಿ ಹಂತಹಂತವಾಗಿ 400 ಮಿಲಿಗ್ರಾಂಗೆ ಏರಿಸುತ್ತಾರೆ. ಕಾರಣ, ಔಷಧಿ ಕೆಲಸ ಮಾಡಿದಾಗ ಕ್ಯಾನ್ಸರ್ ಕೋಶಗಳು ರಾಶಿರಾಶಿಯಾಗಿ ಸಾಯುತ್ತವೆ. ಅವುಗಳಿಂದ ಹೊರಬಂದ ಪೊಟ್ಯಾಸಿಯಂ, ಯೂರಿಕ್ ಆಮ್ಲ ಇತ್ಯಾದಿ ಒಮ್ಮೆಲೇ ರಕ್ತಕ್ಕೆ ಸೇರಿದರೆ ಮೂತ್ರಪಿಂಡ ಕೈಕೊಡಬಹುದು, ಹೃದಯದ ಬಡಿತ ತಪ್ಪಬಹುದು, ಜೀವವೇ ಹೋಗಬಹುದು. ಅದಕ್ಕಾಗಿ ಪದೇ ಪದೇ ರಕ್ತಪರೀಕ್ಷೆ. ಗ್ರೇಪ್‌ಫ್ರೂಟ್ ಮತ್ತು ಧಾರೆಹುಳಿ, ಅಂದರೆ ಸ್ಟಾರ್ ಫ್ರೂಟ್, ತಿನ್ನುವಂತೆಯೂ ಇಲ್ಲ. ಅವು ರಕ್ತದಲ್ಲಿ ಔಷಧಿಯ ಪ್ರಮಾಣವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲವು.

ಕ್ಯಾನ್ಸರ್ ಕೋಶಗಳನ್ನು ನಿಜಕ್ಕೂ ಸಾಯಿಸುವುದು ಇಷ್ಟು ಗಂಭೀರ ಕೆಲಸ. ‘ಯಾವ ಅಡ್ಡಪರಿಣಾಮವೂ ಇಲ್ಲದೆ ಕೋಟಿಗಟ್ಟಲೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಜ್ಯೂಸ್’ ಎಂಬ ಸಂದೇಶ ಬಂದಾಗ ಇದನ್ನು ನೆನಪಿಸಿಕೊಳ್ಳಿ.

‘ಕುಡಿದರೆ ನಷ್ಟವೇನು?’

ಇದು ಎಲ್ಲರೂ ಕೇಳುವ ಪ್ರಶ್ನೆ, ನ್ಯಾಯವಾದದ್ದೇ. ಚಿಕಿತ್ಸೆಯ ಜೊತೆಗೆ, ವೈದ್ಯರಿಗೆ ತಿಳಿಸಿ ಎಳನೀರು ಕುಡಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಚಿಕಿತ್ಸೆಯ ಬದಲಿಗೆ ಕುಡಿದಾಗ ನಷ್ಟ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ ಮತ್ತು ದೊಡ್ಡಕರುಳಿನ ಕ್ಯಾನ್ಸರ್ ಇದ್ದು, ದೇಹದ ಬೇರೆ ಭಾಗಗಳಿಗೆ ಇನ್ನೂ ಹರಡದಿದ್ದ ರೋಗಿಗಳು ಇವರು. ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಲ್ಲವನ್ನೂ ಬಿಟ್ಟು ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ಜನರನ್ನು, ವಾಡಿಕೆಯ ಚಿಕಿತ್ಸೆ ಪಡೆದ 560 ಜನರೊಂದಿಗೆ ಹೋಲಿಸಿದರು. ಮೊದಲ ಗುಂಪಿನಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಹೆಚ್ಚು. ವಾಸಿಯಾಗುವ ಅವಕಾಶ ಚೆನ್ನಾಗಿದ್ದವರೇ ಹೆಚ್ಚು ಕಳೆದುಕೊಂಡರು.

ಒಂದು ಗಂಟು ಕಾಣಿಸಿದೆ, ನೋವಿಲ್ಲ. ‘ಮೂರು ತಿಂಗಳು ಈ ಕಷಾಯ ಕುಡಿದು ನೋಡೋಣ’ ಎಂದು ಮನೆಯಲ್ಲಿ ತೀರ್ಮಾನವಾಗುತ್ತದೆ. ಆ ಮೂರು ತಿಂಗಳಲ್ಲಿ ಸಾಯದ ಕೋಶಗಳು ಸುಮ್ಮನೆ ಕೂರುವುದಿಲ್ಲ. ಮೊದಲು ಬರೀ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುತ್ತಿದ್ದದ್ದು ಆಮೇಲೆ ಕೀಮೋವರೆಗೆ ಹೋಗಬಹುದು, ಅಥವಾ ಕೈಮೀರಬಹುದು. ಫಾರ್ವರ್ಡ್ ಕಳಿಸಿದವರಿಗೆ ಈ ಲೆಕ್ಕ ಕಾಣಿಸುವುದೇ ಇಲ್ಲ.

ನಾವು ಮಾಡಬಹುದಾದ್ದೇನು?

ಸಾವಿನ ಸ್ವಿಚ್ಚನ್ನು ಮನೆಮದ್ದಿನಿಂದ ಒತ್ತಲಾಗದು. ಆದರೆ ಅದು ಕೆಡದಂತೆ ನೋಡಿಕೊಳ್ಳುವುದು ಸಾಕಷ್ಟು ಮಟ್ಟಿಗೆ ನಮ್ಮ ಕೈಯಲ್ಲಿದೆ.

• ತಂಬಾಕು ಬಿಡಿ. ತಂಬಾಕಿನ ಹೊಗೆಯಲ್ಲಿರುವ ಬೆಂಜೊಪೈರೀನ್ ಎಂಬ ರಾಸಾಯನಿಕ ಪಿ53 ಜೀನಿನ ಮೇಲೆಯೇ ಹೋಗಿ ಕೂರುತ್ತದೆ. ಗುಟ್ಕಾ, ಜರ್ದಾ ಕೂಡ ಕ್ಯಾನ್ಸರ್ ತರುತ್ತವೆ.
• ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಿ. ಪಿ53 ನಾಶ ಮಾಡುವ ವೈರಸ್ ದೇಹಕ್ಕೆ ಅಂಟಿಕೊಳ್ಳದಂತೆ ಅದು ತಡೆಯುತ್ತದೆ. ಭಾರತದಲ್ಲೇ ತಯಾರಾದ ಲಸಿಕೆಯೂ ಇದೆ.
• ಸ್ತನದಲ್ಲಿ ಅಥವಾ ಬೇರೆಲ್ಲಾದರೂ ಗಂಟು, ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಮುಟ್ಟು ನಿಂತ ಮೇಲೂ ರಕ್ತಸ್ರಾವ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು: ಇವು ಕಂಡರೆ ಮೊದಲು ವೈದ್ಯರ ಹತ್ತಿರ ಹೋಗಿ. ಇವೆಲ್ಲ ಕ್ಯಾನ್ಸರೇ ಆಗಿರಬೇಕಿಲ್ಲ, ತಿಳಿಯಲು ಪರೀಕ್ಷೆ ಬೇಕು.
• ಖರ್ಚಿಗೆ ಹೆದರಿ ಕಷಾಯದ ಮೊರೆ ಹೋಗುವವರೂ ಇದ್ದಾರೆ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಬಿಪಿಎಲ್ ಕಾರ್ಡ್ ಇದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಗ್ರೂಪಿನಲ್ಲಿ ದೊಡ್ಡವರು ಇಂಥ ಸಂದೇಶ ಹಾಕಿದಾಗ ಎದುರು ಮಾತಾಡಲು ಮುಜುಗರವಾಗುತ್ತದೆ. ಅವರು ಕಳಿಸುವುದು ಕಾಳಜಿಯಿಂದಲೇ. ಜಗಳ ಬೇಡ. ಕೆಳಗಿನ ನಾಲ್ಕು ಸಾಲನ್ನು ಕಾಪಿ ಮಾಡಿ ಹಾಕಿ, ಸಾಕು:

‘ಒಳ್ಳೆಯ ಮನಸ್ಸಿನಿಂದ ಕಳಿಸಿದ್ದೀರಿ, ಧನ್ಯವಾದ. ಆದರೆ ಇದು ಗಾಜಿನ ತಟ್ಟೆಯಲ್ಲಿ ಮಾಡಿದ ಪ್ರಯೋಗವೋ, ರೋಗಿಗಳಲ್ಲಿ ಮಾಡಿದ್ದೋ ಎಂಬುದು ಇದರಲ್ಲಿಲ್ಲ. ಕ್ಯಾನ್ಸರ್ ಕೋಶ ಸಾಯಿಸುವ ಔಷಧಿಯನ್ನು ವೈದ್ಯರೇ ವಾರವಾರ ರಕ್ತ ನೋಡಿ ಕೊಡುತ್ತಾರೆ. ಯಾರಿಗಾದರೂ ಗಂಟು, ಮಾಯದ ಹುಣ್ಣು ಇದ್ದರೆ ದಯವಿಟ್ಟು ಈ ವಾರವೇ ಆಸ್ಪತ್ರೆಗೆ ತೋರಿಸಿ, ಜೊತೆಗೆ ನಾನು ಬರುತ್ತೇನೆ.’